ತಳ ಆಳವಾಗಲಿ, ಒಡ್ಡು ತಗ್ಗಾಗಿರಲಿ: ಮನೆಯಲ್ಲೂ ಕಚೇರಿಯಲ್ಲೂ ತಾವೋ ಅಭ್ಯಾಸ

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಮಿನ್ ಎಂಬ ನದಿಯಿದೆ. ಪರ್ವತಗಳ ಹಿಮ ಕರಗುವ ಕಾಲದಲ್ಲಿ ಅದು ರಭಸದಿಂದ ಇಳಿದು, ಬಯಲು ಮುಟ್ಟುತ್ತಲೇ ಉಕ್ಕಿ ಊರುಗಳನ್ನು ಮುಳುಗಿಸುತ್ತಿತ್ತು. ಕ್ರಿಸ್ತಪೂರ್ವ 256ರ ಸುಮಾರಿಗೆ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಲಿ ಬಿಂಗ್ ಈ ನದಿಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಲಿಲ್ಲ. ಬಿದಿರಿನ ಉದ್ದುದ್ದ ಬುಟ್ಟಿಗಳನ್ನು ಹೆಣೆಸಿ, ಅವುಗಳಲ್ಲಿ ಕಲ್ಲು ತುಂಬಿಸಿ, ಹೊಳೆಯ ನಡುವೆ ಮೀನಿನ ಮೂತಿಯಂತೆ ಚೂಪಾದ ದಿಣ್ಣೆಯೊಂದನ್ನು ನಿಲ್ಲಿಸಿದ. ನೀರು ಅಲ್ಲಿ ಎರಡಾಗಿ ಕವಲೊಡೆಯಿತು. ಒಳಗಿನ ಕವಲು ಆಳವಾದದ್ದು, ಹೊರಗಿನದು ಅಗಲವಾದದ್ದು. ನೀರು ಕಡಿಮೆ ಇರುವಾಗ ಹೆಚ್ಚಿನ ಪಾಲು ಆಳದ ಕವಲು ಹಿಡಿದು ಹೊಲಗಳ ಕಡೆಗೆ ಹೋಗುತ್ತದೆ. ಪ್ರವಾಹ ಬಂದಾಗ ಹೆಚ್ಚಿನ ಪಾಲು ಅಗಲದ ಕವಲಿನಲ್ಲಿ ಹರಿದುಹೋಗುತ್ತದೆ. ಯಾರೂ ನಿಂತು ನೀರಿಗೆ ದಾರಿ ತೋರಿಸಬೇಕಾಗಿಲ್ಲ. ದೂಜಿಯಾಂಗ್‌ಯಾನ್ ಎಂದು ಹೆಸರಾದ ಈ ವ್ಯವಸ್ಥೆ ದುರಸ್ತಿ, ಬದಲಾವಣೆಗಳೊಂದಿಗೆ 2,200 ವರ್ಷಗಳ ನಂತರವೂ ಚೆಂಗ್ದು ಬಯಲಿಗೆ ನೀರುಣಿಸುತ್ತಿದೆ. 2000ದಲ್ಲಿ ಯುನೆಸ್ಕೊ ಇದನ್ನು, ಪಕ್ಕದಲ್ಲೇ ಇರುವ, ತಾವೋ ಎಂಬ ಪ್ರಾಚೀನ ಚೀನೀ ಪಂಥದ ಗುಡಿಗಳಿರುವ ಚಿಂಗ್‌ಚೆಂಗ್ ಬೆಟ್ಟದ ಜೊತೆಗೆ ಸೇರಿಸಿ, ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು.

ಇದನ್ನು ನೋಡಿಕೊಳ್ಳುವವರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಸೂತ್ರವೊಂದಿದೆ. ಚೀನೀ ಭಾಷೆಯಲ್ಲಿ ಅದು ಆರೇ ಅಕ್ಷರ: ತಳವನ್ನು ಆಳವಾಗಿ ತೋಡು, ಒಡ್ಡನ್ನು ತಗ್ಗಾಗಿ ಕಟ್ಟು. ಲಿ ಬಿಂಗ್ ತಾವೋ ಪಂಥದವನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ತಾವೋ ಚಿಂತನೆಯನ್ನು ದಿನದ ಬದುಕಿಗೆ ತರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಆರು ಅಕ್ಷರಗಳೇ. ನಾವು ಸಂಬಂಧಗಳಲ್ಲಿ ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು. ಕೇಳಿಸಿಕೊಳ್ಳುವ ತಳದಲ್ಲಿ ಹೂಳು ತುಂಬಲು ಬಿಡುತ್ತೇವೆ, ಅಹಂಕಾರದ ಒಡ್ಡನ್ನು ಮಾತ್ರ ವರ್ಷ ವರ್ಷ ಎತ್ತರಿಸುತ್ತೇವೆ. ಪ್ರವಾಹ ಬಂದಾಗ ನದಿಯನ್ನು ದೂರುತ್ತೇವೆ.

ಮೊದಲು ಒಂದು ಪದ ಸರಿಯಾಗಿ ತಿಳಿಯಲಿ

'ತಾವೋ' ಎಂದರೆ ದಾರಿ. ಚೀನೀ ಉಚ್ಚಾರ 'ದಾವ್' ಎಂಬುದಕ್ಕೆ ಹತ್ತಿರ, ಆದರೆ ಕನ್ನಡದಲ್ಲಿ ತಾವೋ ಎಂದೇ ರೂಢಿಯಾಗಿದೆ. ಈ ಚಿಂತನೆಗೆ ಮೂಲವಾದ ಗ್ರಂಥಗಳು ಮುಖ್ಯವಾಗಿ ಎರಡು. ಲಾವೋತ್ಸೆ ಎಂಬ ಪ್ರಾಚೀನ ಚಿಂತಕನ ಹೆಸರಿನಲ್ಲಿರುವ 'ತಾವೋ ತೆ ಚಿಂಗ್' 81 ಪುಟ್ಟ ಅಧ್ಯಾಯಗಳ, ಸುಮಾರು 5,000 ಅಕ್ಷರಗಳ ಕೃತಿ. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯಾನ್‌ನಲ್ಲಿ ಸಮಾಧಿಯೊಂದನ್ನು ಅಗೆದಾಗ ಅದರ ಭಾಗಗಳು ಬಿದಿರಿನ ಪಟ್ಟಿಗಳ ಮೇಲೆ ಸಿಕ್ಕವು; ಅವು ಕ್ರಿಸ್ತಪೂರ್ವ 300ರ ಆಸುಪಾಸಿನವು. ಎರಡನೆಯದು 'ಚುವಾಂಗ್‌ತ್ಸೆ'. ಅದರಲ್ಲಿ 33 ಅಧ್ಯಾಯಗಳಿವೆ, ಕಥೆಗಳೇ ತುಂಬಿವೆ. ನಿತ್ಯದ ಬಳಕೆಗೆ ನನಗೆ ಈ ಎರಡನೆಯದೇ ಹೆಚ್ಚು ಒದಗಿಬಂದಿದೆ. ಸೂಕ್ತಿಗಳು ಬೇಗ ಮರೆತುಹೋಗುತ್ತವೆ, ಕಥೆ ಮರೆಯುವುದಿಲ್ಲ.

ಇವೆರಡರಲ್ಲೂ ಬರುವ 'ವು ವೇಯ್' ಎಂಬ ಮಾತನ್ನು ಬಹಳ ಜನ ತಪ್ಪಾಗಿ ಹಿಡಿಯುತ್ತಾರೆ. ಪದಶಃ ಅರ್ಥ 'ಮಾಡದಿರುವುದು'. ಹಾಗೆಂದ ಮಾತ್ರಕ್ಕೆ ಕೈ ಕಟ್ಟಿ ಕೂರುವುದಲ್ಲ. ಬಿದಿರಿನ ಬುಟ್ಟಿಗಳಿಗೆ ಕಲ್ಲು ತುಂಬಿದವರ ಬೆವರನ್ನು ನೆನಪಿಸಿಕೊಳ್ಳಿ. ವಿಷಯದ ಸ್ವಭಾವಕ್ಕೆ ಎದುರಾಗಿ ಬಲ ಹಾಕದಿರುವುದೇ ವು ವೇಯ್. ಶ್ರಮ ಇರುತ್ತದೆ, ಗುದ್ದಾಟ ಇರುವುದಿಲ್ಲ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳು ಸುಲಭ.

ಹೆಜ್ಜೆ 1: ಕೆಸರು ಕೆಳಗಿಳಿಯಲಿ

ಕಲಕಿದ ನೀರನ್ನು ತಿಳಿಯಾಗಿಸುವುದು ಹೇಗೆ? ಸುಮ್ಮನೆ ಬಿಟ್ಟರೆ ತಾನೇ ತಿಳಿಯಾಗುತ್ತದೆ ಎನ್ನುತ್ತದೆ ತಾವೋ ತೆ ಚಿಂಗ್‌ನ 15ನೆಯ ಅಧ್ಯಾಯ. ಇದನ್ನು ಅಭ್ಯಾಸ ಮಾಡಲು ಮೊಬೈಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಮನಸ್ಸಿಗೆ ಚುಚ್ಚುವ ಸಂದೇಶ ಬಂದಿತು ಎಂದುಕೊಳ್ಳಿ. ಅಣ್ಣನದೋ, ಮೇಲಧಿಕಾರಿಯದೋ, ಕುಟುಂಬದ ವಾಟ್ಸ್ಯಾಪ್ ಗುಂಪಿನದೋ. ಉತ್ತರವನ್ನು ಬರೆಯಿರಿ, ಆದರೆ ಸಂದೇಶದ ಜಾಗದಲ್ಲಿ ಬೇಡ, ಬೇರೆ ಕಾಗದದಲ್ಲಿ ಬರೆಯಿರಿ. ಅನ್ನಿಸಿದ್ದನ್ನೆಲ್ಲ ಬರೆದು ಮಡಚಿಡಿ. ಕಳಿಸಿದವರಿಗೆ ಒಂದೇ ಸಾಲು ಸಾಕು: "ನೋಡಿದೆ, ನಾಳೆ ಮಾತನಾಡೋಣ." ಮರುದಿನ ಆ ಕಾಗದ ತೆರೆದು ಓದಿ, ಅದರಲ್ಲಿ ಇನ್ನೂ ನಿಜವೆನಿಸುವ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ನನ್ನ ಅನುಭವದಲ್ಲಿ ಗೆರೆ ಬೀಳುವುದು ಒಂದೋ ಎರಡೋ ವಾಕ್ಯಕ್ಕೆ. ಹೇಳಬೇಕಾದದ್ದು ಅಷ್ಟೇ. ಅದನ್ನು ಬಿಡದೆ ಹೇಳಿ.

"ನಾಳೆ ಮಾತನಾಡೋಣ" ಎಂಬ ಆ ಸಾಲನ್ನು ಮಾತ್ರ ಮರೆಯಬೇಡಿ. ಅದಿಲ್ಲದ ಮೌನ ಎದುರಿನವರಿಗೆ ಶಿಕ್ಷೆಯಾಗುತ್ತದೆ. ಮಾತು ಬಿಟ್ಟು ಕೂರುವುದಕ್ಕೂ ಮನಸ್ಸು ತಿಳಿಯಾಗಲು ಕಾಯುವುದಕ್ಕೂ ಅಜಗಜಾಂತರ.

ಹೆಜ್ಜೆ 2: ದೋಣಿಯಲ್ಲಿ ಯಾರಾದರೂ ಇದ್ದಾರೆಯೇ ನೋಡಿ

ಚುವಾಂಗ್‌ತ್ಸೆಯ 20ನೆಯ ಅಧ್ಯಾಯದ ಕಥೆ ಇದು. ಒಬ್ಬ ದೋಣಿಯಲ್ಲಿ ಹೊಳೆ ದಾಟುತ್ತಿದ್ದಾನೆ. ಖಾಲಿ ದೋಣಿಯೊಂದು ತೇಲಿ ಬಂದು ಅವನ ದೋಣಿಗೆ ಬಡಿಯುತ್ತದೆ. ಎಂಥ ಮುಂಗೋಪಿಯಾದರೂ ಅವನಿಗೆ ಸಿಟ್ಟು ಬರುವುದಿಲ್ಲ. ಅದೇ ದೋಣಿಯಲ್ಲಿ ಒಬ್ಬ ಮನುಷ್ಯ ಕಂಡರೆ ಒಮ್ಮೆ ಕೂಗುತ್ತಾನೆ, ಎರಡು ಸಲ ಕೂಗುತ್ತಾನೆ, ಮೂರನೆಯ ಸಲ ಬೈಗುಳವೇ. ತಗುಲಿದ ಪೆಟ್ಟು ಒಂದೇ. ಕೆರಳಿಸಿದ್ದು ದೋಣಿಯಲ್ಲ, ಅದರಲ್ಲಿ ಕೂತವನು ಬೇಕೆಂದೇ ಗುದ್ದಿದ ಎಂಬ ನಮ್ಮ ಊಹೆ.

ದಿನದಲ್ಲಿ ನಮಗೆ ತಗಲುವ ಪೆಟ್ಟುಗಳಲ್ಲಿ ಬಹುಪಾಲು ಖಾಲಿ ದೋಣಿಗಳದ್ದು. ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಹೋದ ಸಹೋದ್ಯೋಗಿ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತು ಬಂದಿರಬಹುದು. ಮದುವೆಗೆ ಕರೆಯಲು ಮರೆತ ಚಿಕ್ಕಪ್ಪ ನಿಜಕ್ಕೂ ಮರೆತಿರಬಹುದು. ಮಾಡಬೇಕಾದದ್ದು ಇಷ್ಟು: ಸಿಟ್ಟು ಬಂದ ಕ್ಷಣದಲ್ಲಿ ನಡೆದದ್ದನ್ನು ವ್ಯಕ್ತಿಯ ಹೆಸರಿಲ್ಲದೆ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. "ಅವಳು ನನ್ನನ್ನು ಕಡೆಗಣಿಸಿದಳು" ಎನ್ನುವ ಬದಲು "ಕರೆಗೆ ಉತ್ತರ ಬರಲಿಲ್ಲ" ಎನ್ನಿ. ಎರಡನೆಯದು ಮಾತ್ರ ನಿಮಗೆ ಗೊತ್ತಿರುವ ಸಂಗತಿ. ಮೊದಲನೆಯದು ನೀವೇ ದೋಣಿಯಲ್ಲಿ ಕೂರಿಸಿದ ಮನುಷ್ಯ.

ಹೆಜ್ಜೆ 3: ಹಕ್ಕಿಗೆ ಹಕ್ಕಿಯ ಊಟ ಕೊಡಿ

ಈ ಹೆಜ್ಜೆಯ ಬಗ್ಗೆ ತುಸು ಹೆಚ್ಚು ಹೇಳಬೇಕು. ನನ್ನನ್ನು ಬದಲಿಸಿದ್ದು ಇದೇ.

ಲು ರಾಜ್ಯದ ರಾಜಧಾನಿಯ ಹೊರಗೆ ಒಮ್ಮೆ ಕಡಲಹಕ್ಕಿಯೊಂದು ಬಂದು ಇಳಿಯಿತಂತೆ. ದೊರೆಗೆ ಸಂತೋಷವೋ ಸಂತೋಷ. ಅದನ್ನು ಪೂರ್ವಜರ ಗುಡಿಗೆ ಕರೆತಂದು ಮದ್ಯ ಇಟ್ಟ, ಅರಮನೆಯ ಶ್ರೇಷ್ಠ ಸಂಗೀತ ನುಡಿಸಿದ, ಮಹಾಬಲಿಗೆ ಮೀಸಲಾದ ಮಾಂಸವನ್ನು ಬಡಿಸಿದ. ಹಕ್ಕಿ ದಿಕ್ಕುಗೆಟ್ಟು ನೋಡುತ್ತಾ ಕೂತಿತು. ಒಂದು ತುಣುಕು ತಿನ್ನಲಿಲ್ಲ, ಒಂದು ಗುಟುಕು ಕುಡಿಯಲಿಲ್ಲ. ಮೂರು ದಿನಕ್ಕೆ ಸತ್ತುಹೋಯಿತು. ದೊರೆ ತನ್ನನ್ನು ಸಾಕಿಕೊಳ್ಳುವ ರೀತಿಯಲ್ಲಿ ಹಕ್ಕಿಯನ್ನು ಸಾಕಿದ, ಹಕ್ಕಿಯನ್ನು ಸಾಕುವ ರೀತಿಯಲ್ಲಿ ಅಲ್ಲ ಎನ್ನುತ್ತದೆ ಚುವಾಂಗ್‌ತ್ಸೆಯ 18ನೆಯ ಅಧ್ಯಾಯ. ಆ ದೊರೆಯ ಪ್ರೀತಿಯಲ್ಲಿ ಕಪಟವಿರಲಿಲ್ಲ ಎಂಬುದೇ ಈ ಕಥೆಯಲ್ಲಿ ನನ್ನನ್ನು ಕಾಡುವ ಅಂಶ.

ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಊರಿನಿಂದ ನಮ್ಮ ಮನೆಗೆ ಕರೆತಂದೆ. ಮಂಡಿ ನೋವಿಗೆಂದು ಎತ್ತರದ ಕುರ್ಚಿ, ಒಳ್ಳೆಯ ಹಾಸಿಗೆ, ಕೋಣೆಯಲ್ಲೇ ಟಿವಿ, ಅಡುಗೆಗೆ ಒಬ್ಬರು. ತಾಯಿ ದಿನೇ ದಿನೇ ಬಡವಾಗುತ್ತಿದ್ದರು, ಅರ್ಧ ತಟ್ಟೆಗೇ ಏಳುತ್ತಿದ್ದರು. ಒಂದು ಸಂಜೆ ಬೇಗ ಮನೆಗೆ ಬಂದೆ. ಅವರು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಅಭ್ಯಾಸವಿಲ್ಲದ ಚಾಕು ಹಿಡಿದು, ಹುರುಳಿಕಾಯಿ ಹೆಚ್ಚಲು ಹೆಣಗುತ್ತಿದ್ದರು. "ನಿಮಗೇಕಮ್ಮ ಈ ಕೆಲಸ?" ಎಂದು ಚಾಕು ಕಿತ್ತುಕೊಂಡೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಕೋಣೆಗೆ ಹೋದರು. ಒಂದು ಮಾತೂ ಆಡಲಿಲ್ಲ.

ಆ ರಾತ್ರಿ ನನಗೆ ಆ ಹಕ್ಕಿ ನೆನಪಾಯಿತು. ಬೆಳಿಗ್ಗೆ ಅವರ ಮಂಚದ ತುದಿಯಲ್ಲಿ ಕೂತು, ಆವರೆಗೆ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಕೇಳಿದೆ: "ಇಲ್ಲಿ ನಿಮಗೆ ಏನು ಬೇಕಮ್ಮ?" ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಊರಿನ ಈಳಿಗೆಮಣೆ ತರಿಸಿಕೊಡು, ಮಗಳೇ."

ಅದು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂತು. ಮಣೆ ಸವೆದು ನುಣುಪಾಗಿತ್ತು. ಅಲಗು ಸಾಣೆ ಕಂಡು ಕಂಡು ತೆಳುವಾಗಿತ್ತು. ನೆಲದ ಮೇಲೆ ಕೂರಲು ಮಂಡಿ ಒಪ್ಪಲಿಲ್ಲವಾದ್ದರಿಂದ ತಗ್ಗಿನ ಮಂಚದ ಮೇಲೆ ಮಣೆ ಇಟ್ಟುಕೊಂಡು ಕೂರುವ ಏರ್ಪಾಡಾಯಿತು. ಅಂದಿನಿಂದ ಮನೆಯ ತರಕಾರಿಯೆಲ್ಲ ಅವರದೇ. ಊಟದ ತಟ್ಟೆ ಖಾಲಿಯಾಗತೊಡಗಿದ್ದನ್ನು ನಾನು ಹೇಳದೆಯೇ ನೀವು ಊಹಿಸಿರುತ್ತೀರಿ.

ನೀವು ಹೀಗೆ ಮಾಡಿ ನೋಡಿ. ನಿಮ್ಮ ಪ್ರೀತಿಪಾತ್ರರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರಿಗಾಗಿ ನೀವು ಮಾಡುತ್ತಿರುವ ಮೂರು ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಇದು ಅವರು ಕೇಳಿದ್ದೋ, ನಾನು ಊಹಿಸಿದ್ದೋ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿ. ಊಹಿಸಿದ್ದೇ ಹೆಚ್ಚಾಗಿದ್ದರೆ ಅವರನ್ನೇ ಕೇಳಿ. "ನಾನು ಮಾಡುತ್ತಿರುವುದು ಸರಿಯಾಗಿದೆಯೇ?" ಎಂದು ಕೇಳಿದರೆ "ಹೂಂ, ಸರಿ" ಎಂಬ ಉತ್ತರವಷ್ಟೇ ಸಿಗುತ್ತದೆ. "ನಿಮಗೆ ಏನು ಬೇಕು?" ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ನಿಮ್ಮ ಸಲಹೆಗಳಿಂದ ತುಂಬಬೇಡಿ. ನನ್ನ ತಾಯಿಗೆ ಆ ಒಂದು ಮಾತು ಹೇಳಲು ಅಷ್ಟು ಹೊತ್ತು ಬೇಕಾಯಿತು. ನಡುವೆ ನಾನು ಬಾಯಿ ಹಾಕಿದ್ದರೆ ಅದು ಹೊರಗೆ ಬರುತ್ತಿರಲಿಲ್ಲ. ತಳ ತೋಡುವುದು ಎಂದರೆ ನನ್ನ ಮಟ್ಟಿಗೆ ಇದೇ.

ಮಕ್ಕಳ ವಿಷಯದಲ್ಲಿ ಈ ಹೆಜ್ಜೆ ಇನ್ನೂ ಕಷ್ಟ. ನಮಗೆ ಸಿಗದೇ ಹೋದದ್ದನ್ನು ಅವರಿಗೆ ಕೊಡುವ ಹಂಬಲದಲ್ಲಿ ಸಂಗೀತ, ಈಜು, ಚದುರಂಗ, ಕೋಚಿಂಗ್ ಎಂದು ಬಡಿಸುತ್ತಲೇ ಹೋಗುತ್ತೇವೆ. ತಟ್ಟೆಯನ್ನಲ್ಲ, ಮಗುವಿನ ಮುಖವನ್ನು ನೋಡಿ.

ಹೆಜ್ಜೆ 4: ಕಷ್ಟದ ಮಾತಿಗೆ ಸಂದು ಹುಡುಕಿ

ಚುವಾಂಗ್‌ತ್ಸೆಯ ಮೂರನೆಯ ಅಧ್ಯಾಯದಲ್ಲಿ ಡಿಂಗ್ ಎಂಬ ಅಡುಗೆಯವನು ದೊರೆಯ ಮುಂದೆ ಎತ್ತನ್ನು ಕೊಯ್ಯುತ್ತಾನೆ. ಸಾಧಾರಣ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಏಕೆಂದರೆ ಅವನು ಕೊಚ್ಚುತ್ತಾನೆ. ಒಳ್ಳೆಯ ಅಡುಗೆಯವನು ವರ್ಷಕ್ಕೊಂದು ಬದಲಿಸುತ್ತಾನೆ, ಏಕೆಂದರೆ ಅವನು ಕತ್ತರಿಸುತ್ತಾನೆ. ಡಿಂಗ್‌ನ ಕತ್ತಿಗೆ 19 ವರ್ಷ. ಸಾವಿರಾರು ಎತ್ತುಗಳನ್ನು ಕೊಯ್ದರೂ ಅದರ ಅಲಗು ಈಗಷ್ಟೇ ಸಾಣೆ ಹಿಡಿದಂತಿದೆ. ಕೀಲುಗಳ ನಡುವೆ ಸಂದು ಇರುತ್ತದೆ, ಅಲಗಿಗೆ ದಪ್ಪವೇ ಇಲ್ಲ. ದಪ್ಪವಿಲ್ಲದ್ದನ್ನು ಸಂದಿನೊಳಗೆ ಇಳಿಸಿದರೆ ಅಲ್ಲಿ ಆಡಲು ಬೇಕಾದಷ್ಟು ಜಾಗ ಎಂದು ಅವನು ವಿವರಿಸುತ್ತಾನೆ. ಗಂಟುಗಂಟಾದ ಜಾಗ ಬಂದರೆ? ಆಗ ಅವನೂ ಎಚ್ಚರಗೊಳ್ಳುತ್ತಾನೆ, ಕೆಲಸ ನಿಧಾನ ಮಾಡುತ್ತಾನೆ, ಕತ್ತಿಯನ್ನು ಕೂದಲೆಳೆಯಷ್ಟು ಆಡಿಸುತ್ತಾನೆ.

ದುಡ್ಡಿನ ಮಾತು, ಆಸ್ತಿಯ ಮಾತು, ಅತ್ತೆ ಸೊಸೆಯರ ನಡುವಿನ ಮಾತು, ಸಂಬಳ ಹೆಚ್ಚಿಸಿ ಎಂಬ ಮಾತು ಇವೆಲ್ಲ ಗಂಟುಗಂಟಾದ ಜಾಗಗಳು. ಇಲ್ಲಿ ಮೊದಲು ನೋಡಬೇಕಾದದ್ದು ಹೊತ್ತು. ಹಸಿದಿರುವಾಗ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ, ಮೂರನೆಯವರ ಮುಂದೆ ಇಂಥ ಮಾತು ಎತ್ತಬೇಡಿ. ನಮ್ಮ ಮನೆಯಲ್ಲಿ ಸಂಬಂಧಿಕರಿಗೆ ಸಾಲ ಕೊಡುವ ವಿಷಯಕ್ಕೆ ನಾನೂ ನನ್ನ ಪತಿಯೂ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಜಗಳವಾಡಿದ್ದೇವೆ. ಅದೇ ವಿಷಯವನ್ನು ಒಂದು ಭಾನುವಾರ ಬೆಳಗಿನ ವಾಕಿಂಗ್‌ನಲ್ಲಿ ಎತ್ತಿದೆ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ಮುಖ ನೋಡಬೇಕಾಗಿಲ್ಲ, ಮಾತು ನಿಂತರೆ ಹೆಜ್ಜೆ ಮುಂದುವರಿಯುತ್ತಿರುತ್ತದೆ. ಮನೆಗೆ ಮರಳುವಷ್ಟರಲ್ಲಿ ಎಷ್ಟರವರೆಗೆ ಕೊಡಬಹುದು ಎಂಬ ಒಂದು ಮೊತ್ತಕ್ಕೆ ಇಬ್ಬರೂ ಒಪ್ಪಿದ್ದೆವು.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಕೀಲು. ಸಾಲದ ಮಾತಿಗೆ ಕೂತವರು ಹತ್ತು ವರ್ಷ ಹಿಂದಿನ ಗೃಹಪ್ರವೇಶದ ಅವಮಾನವನ್ನು ಎಳೆದು ತಂದರೆ ಅದು ಕೊಚ್ಚುವುದು. ಮಾತಿಗೆ ಮೊದಲು "ಇಂದು ಇದೊಂದೇ ವಿಷಯ" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.

ತಾಯಿ ಬದನೆಕಾಯಿ ಹೆಚ್ಚುವುದನ್ನು ಈಗ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಈಳಿಗೆಯ ಅಲಗು ಇದ್ದಲ್ಲೇ ಇರುತ್ತದೆ. ಕಾಯಿಯನ್ನು ಅವರು ಎರಡೂ ಕೈಯಲ್ಲಿ ಹಿಡಿದು, ತುಸು ತಿರುಗಿಸಿ, ಅಲಗಿನ ಕಡೆಗೆ ಒಯ್ಯುತ್ತಾರೆ. ಒತ್ತುವುದೇ ಇಲ್ಲ.

ಹೆಜ್ಜೆ 5: ಸಣ್ಣ ಮೀನನ್ನು ಪದೇ ಪದೇ ಮಗುಚಬೇಡಿ

ದೊಡ್ಡ ರಾಜ್ಯವನ್ನು ಆಳುವುದು ಸಣ್ಣ ಮೀನನ್ನು ಬೇಯಿಸಿದಂತೆ ಎನ್ನುತ್ತದೆ ತಾವೋ ತೆ ಚಿಂಗ್‌ನ 60ನೆಯ ಅಧ್ಯಾಯ. ಹೆಚ್ಚು ಕೆದಕಿದರೆ ಪುಡಿಯಾಗುತ್ತದೆ. ಹದಿಹರೆಯದ ಮಕ್ಕಳಿರುವವರೂ ಕಚೇರಿಯಲ್ಲಿ ತಂಡ ನಡೆಸುವವರೂ ಇದನ್ನು ಒಂದು ವಾರ ಹೀಗೆ ಪ್ರಯತ್ನಿಸಬಹುದು: ಕೆಲಸ ಒಪ್ಪಿಸುವಾಗಲೇ ಯಾವ ದಿನ ಕೇಳುತ್ತೇನೆ ಎಂದು ಹೇಳಿ, ಆ ದಿನದವರೆಗೆ ಕೇಳದಿರಿ. ನಡುವೆ ಸಹಾಯ ಬೇಕಾದರೆ ಅವರೇ ಬರಲಿ. ಮೊದಲ ಎರಡು ದಿನ ನಿಮಗೆ ಬಹಳ ಕಷ್ಟವಾಗುತ್ತದೆ. ಆ ಕಳವಳ ನಿಮ್ಮದು, ಅದನ್ನು ಅವರ ತಲೆಗೆ ಹೊರಿಸಬೇಡಿ.

ಹೆಜ್ಜೆ 6: ದಿನದಲ್ಲಿ ಒಂದು ಖಾಲಿ ಜಾಗ

ಗಾಲಿಯ ಮೂವತ್ತು ಕಡ್ಡಿಗಳು ನಡುವಿನ ಗುಂಬದಲ್ಲಿ ಸೇರಿದರೂ ಗಾಲಿ ತಿರುಗುವುದು ನಡುವಿನ ತೂತಿನಿಂದ. ಮಡಕೆ ಉಪಯೋಗಕ್ಕೆ ಬರುವುದು ಒಳಗಿನ ಖಾಲಿಯಿಂದ. ಬಾಗಿಲು ಕಿಟಕಿ ಕೊರೆದದ್ದರಿಂದಲೇ ಅದು ಕೋಣೆ. ತಾವೋ ತೆ ಚಿಂಗ್‌ನ 11ನೆಯ ಅಧ್ಯಾಯ ಇಷ್ಟೇ. ಬಯಲು, ಶೂನ್ಯ ಎಂಬ ಮಾತುಗಳನ್ನು ವಚನಕಾರರಿಂದ ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸದು. ದಿನದಲ್ಲಿ ಅರ್ಧ ಗಂಟೆಯನ್ನು ಯಾವ ಉದ್ದೇಶಕ್ಕೂ ಕೊಡದೆ ಖಾಲಿ ಇಡಿ. ಧ್ಯಾನಕ್ಕೂ ಬೇಡ, ಮೊಬೈಲಿಗಂತೂ ಬೇಡವೇ ಬೇಡ. ಮನೆಯವರು ಬಂದು ಪಕ್ಕದಲ್ಲಿ ಕೂರಲು, ಕೂತು ಏನನ್ನೋ ಹೇಳಲು ಜಾಗ ಸಿಗುವುದು ಅಲ್ಲೇ.

ಇದು ಎಲ್ಲಿ ಸಲ್ಲದು

ಹೊಡೆಯುವ ಗಂಡ, ಸುಲಿಯುವ ಮಾಲೀಕ, ಹೆದರಿಸುವ ಸಂಬಂಧಿ ಇವರು ಖಾಲಿ ದೋಣಿಗಳಲ್ಲ. ಅಂಥವರ ಮುಂದೆ ನೀರಿನಂತೆ ತಗ್ಗಿಗೆ ಹರಿಯಿರಿ ಎಂದು ಯಾರಾದರೂ ನಿಮಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಾವೋ ಹೆಸರಿನಲ್ಲಿ ಉಪದೇಶಿಸಿದರೆ ಕೇಳಬೇಡಿ. ಲೋಕದಲ್ಲಿ ನೀರಿಗಿಂತ ಮೃದುವಾದದ್ದಿಲ್ಲ, ಗಟ್ಟಿಯಾದದ್ದನ್ನು ಸವೆಸುವುದರಲ್ಲಿ ಅದನ್ನು ಮೀರಿಸಿದ್ದೂ ಇಲ್ಲ ಎನ್ನುವುದು ತಾವೋ ತೆ ಚಿಂಗ್‌ನ 78ನೆಯ ಅಧ್ಯಾಯ. ನೀರಿಗೆ ದಾರಿ ಬದಲಿಸುವ ಸ್ವಭಾವವೂ ಇದೆ. ಹೊರಟು ಬರುವುದು, ದೂರು ಕೊಡುವುದು, ನೆರವು ಕೇಳುವುದು ಇವೂ ದಾರಿಗಳೇ. ಹಾಗೆಯೇ ಮನಸ್ಸು ವಾರಗಟ್ಟಲೆ ಕುಸಿದೇ ಇದ್ದರೆ ವೈದ್ಯರನ್ನು ಕಾಣಿ. ಕೆಸರು ತಾನಾಗಿ ಕೆಳಗಿಳಿಯಲಿ ಎಂದು ಒಬ್ಬರೇ ಕಾಯುತ್ತಾ ಕೂರಬೇಡಿ.

ವರ್ಷಕ್ಕೊಮ್ಮೆ ಹೂಳು ತೆಗೆಯಿರಿ

ದೂಜಿಯಾಂಗ್‌ಯಾನ್‌ನಲ್ಲಿ ಚಳಿಗಾಲದಲ್ಲಿ ನೀರು ಇಳಿದಾಗ, ಮರದ ಮುಕ್ಕಾಲಿಗಳನ್ನು ಸಾಲಾಗಿ ನಿಲ್ಲಿಸಿ ಹರಿವನ್ನು ಒಂದು ಕವಲಿಗೆ ತಿರುಗಿಸಿ, ಬರಿದಾದ ಇನ್ನೊಂದು ಕವಲಿನ ಹೂಳು ತೆಗೆಯುತ್ತಿದ್ದರು. ಎಷ್ಟು ಆಳ ತೋಡಬೇಕು ಎಂದು ತಿಳಿಯಲು ತಳದಲ್ಲಿ ಕಬ್ಬಿಣದ ತುಂಡುಗಳನ್ನು ಹೂತಿಟ್ಟಿದ್ದರು. ಅವು ಕಣ್ಣಿಗೆ ಬೀಳುವವರೆಗೆ ತೋಡಬೇಕು. ಅದಕ್ಕೆ ಮೊದಲೇ ನಿಲ್ಲಿಸಿದರೆ ಹೊಲಗಳಿಗೆ ಸಾಕಷ್ಟು ನೀರು ಹೋಗುವುದಿಲ್ಲ, ಮೀರಿ ತೋಡಿದರೆ ಹೊಲಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ನೀರು ನುಗ್ಗುತ್ತದೆ.

ಹತ್ತಿರದ ಸಂಬಂಧಗಳಿಗೂ ಹೀಗೊಂದು ಋತು ಗೊತ್ತು ಮಾಡಿಕೊಳ್ಳಿ. ಜಗಳ ನಡೆಯುತ್ತಿರುವಾಗಲ್ಲ, ನೀರು ಇಳಿದಿರುವಾಗ. ಮದುವೆಯ ವಾರ್ಷಿಕೋತ್ಸವದ ಮುಂಚಿನ ವಾರವೋ, ಮಕ್ಕಳ ಬೇಸಿಗೆ ರಜೆಯ ಮೊದಲ ದಿನವೋ ಆಗಬಹುದು. ಇಬ್ಬರೂ ಕೂತು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಈ ವರ್ಷ ನನ್ನಿಂದ ನಿಮಗೆ ಭಾರವಾದದ್ದು ಯಾವುದು? ನಾನು ಮಾಡಿದ್ದರಲ್ಲಿ ಯಾವುದನ್ನು ಬಿಡದೆ ಮುಂದುವರಿಸಬೇಕು? ಉತ್ತರ ಬಂದಾಗ ಸಮರ್ಥನೆಗೆ ಇಳಿಯಬೇಡಿ, ಬರೆದುಕೊಳ್ಳಿ. ಕಬ್ಬಿಣ ಕಂಡಿತು ಎನಿಸಿದಾಗ, ಅಂದರೆ ಹೇಳಬೇಕಾದದ್ದು ಹೊರಗೆ ಬಂತು ಎಂದು ಇಬ್ಬರಿಗೂ ಗೊತ್ತಾದಾಗ, ಅಲ್ಲಿಗೇ ನಿಲ್ಲಿಸಿ ಕಾಫಿ ಮಾಡಿ.

ಹೋದ ಯುಗಾದಿಯ ಮುಂಚೆ ತಾಯಿಗೆ ಮೊದಲ ಪ್ರಶ್ನೆ ಕೇಳಿದೆ. ಅವರು ಹಾಗಲಕಾಯಿ ಹೆಚ್ಚುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: "ನೀನು ಕಚೇರಿಯಿಂದ ಬಂದ ಕೂಡಲೇ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುತ್ತೀ. ಅದನ್ನು ಆಮೇಲೆ ಕೇಳು. ಮೊದಲು ಸ್ವಲ್ಪ ಹೊತ್ತು ಕೂತುಕೋ."